ಹಾಲಿನ ಕಲಬೆರಕೆಯೂ ಕಾನೂನಿನ ಕಾವಲೂ

ಉಲ್ಲಾಳವು ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿ ಹಳ್ಳಿಯಾಗಿದ್ದ ಕಾಲದಲ್ಲಿ ಹಾಲು ಕರೆದವರೂ ಕುಡಿದವರೂ ಪರಸ್ಪರ ಬಲ್ಲವರಾಗಿದ್ದರು. ನೀರು ಬೆರೆಸಿದವನು ಮರುದಿನ ಅದೇ ಮನೆಯ ಬಾಗಿಲಿಗೆ ಬರಬೇಕಾಗಿತ್ತು. ಇಂದು ಆ ಊರು ನಗರದೊಳಗೆ ಸೇರಿಹೋಗಿದೆ. ಹಾಲು ಪೊಟ್ಟಣದಲ್ಲಿ, ತುಪ್ಪ ಡಬ್ಬಿಯಲ್ಲಿ ಬರುತ್ತದೆ. ತಯಾರಿಸಿದವರ ಮುಖ ಕೊಂಡವರಿಗೆ ಕಾಣದು. ಹಿಂದಿನ ಪರಿಚಯದ ಸ್ಥಾನದಲ್ಲಿ ಈಗ ಕಾನೂನು ನಿಲ್ಲಬೇಕಾಗಿದೆ.

1954ರ ಆಹಾರ ಕಲಬೆರಕೆ ತಡೆ ಕಾಯಿದೆಯು ನೀರು ಬೆರೆಸಿದವನನ್ನೂ ವಿಷವಸ್ತು ಬೆರೆಸಿದವನನ್ನೂ ದಂಡನ್ಯಾಯಾಲಯದ ಮುಂದೆಯೇ ನಿಲ್ಲಿಸುತ್ತಿತ್ತು. 2011ರ ಆಗಸ್ಟ್ 5ರಂದು ಜಾರಿಗೆ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಇವೆರಡಕ್ಕೂ ಭೇದವೆಣಿಸುತ್ತದೆ. ಹಸುವಿನ ಹಾಲಿನಲ್ಲಿ ಕನಿಷ್ಠ ಶೇ. 3.2 ಜಿಡ್ಡು, ಶೇ. 8.3 ಜಿಡ್ಡೇತರ ಘನಾಂಶ ಇರತಕ್ಕದ್ದು. ನೀರು ಬೆರೆತು ಇವು ಕುಗ್ಗಿದರೆ ಅದು ಕೀಳು ಗುಣಮಟ್ಟದ ಹಾಲು. ಅದಕ್ಕೆ 5 ಲಕ್ಷ ರೂಪಾಯಿಗಳವರೆಗೆ ದಂಡವುಂಟು. ಯೂರಿಯಾ, ಮಾರ್ಜಕ ಮುಂತಾದವು ಸೇರಿ ಆರೋಗ್ಯಕ್ಕೆ ಹಾನಿಕರವಾದರೆ ಅದು ಅಸುರಕ್ಷಿತ ಆಹಾರ, ಅದಕ್ಕೆ ಸೆರೆವಾಸವುಂಟು. ಅದರಿಂದ ಸಾವು ಸಂಭವಿಸಿದರೆ ಶಿಕ್ಷೆ 7 ವರ್ಷಕ್ಕೆ ಕಡಿಮೆಯಿಲ್ಲ, ಜೀವಾವಧಿಯವರೆಗೂ ಇರಬಹುದು.

ಆದರೆ ಶಿಕ್ಷೆಗೆ ಮೊದಲು ಸಾಕ್ಷ್ಯ ಬೇಕು. ಅಧಿಕಾರಿಯು ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಿ ಮುದ್ರೆಯೊತ್ತಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ನಿಯೋಜಿತ ಅಧಿಕಾರಿಗೆ. ವ್ಯಾಪಾರಿ ಕೋರಿದರೆ ಉಳಿದದ್ದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಹೋಗುತ್ತದೆ. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ಈ ಕ್ರಮದಲ್ಲಿ ಲೋಪವಾದರೆ ಹಾಲು ಕೆಟ್ಟದ್ದೇ ಆಗಿದ್ದರೂ ಮೊಕದ್ದಮೆ ಬಿದ್ದುಹೋಗಬಹುದು.

ನಂದಿನಿಯ ಹೆಸರಿನಲ್ಲಿ ನಕಲಿ ತುಪ್ಪ ಮಾರುವ ಜಾಲ 2021ರಲ್ಲಿ ಮೈಸೂರಿನ ಬಳಿ, 2025ರಲ್ಲಿ ಬೆಂಗಳೂರಿನಲ್ಲಿಯೇ ಪತ್ತೆಯಾಯಿತು. ನಂಬಿಕೆಯ ಹೆಸರನ್ನೇ ವಂಚಕರು ಕದಿಯುವಾಗ ಡಬ್ಬಿಯ ಮೇಲಿನ ಚಿತ್ರವೊಂದೇ ಭರವಸೆಯಾಗಲಾರದು. ಪ್ರತಿ ಅಂಗಡಿಯ ಮುಂದೆ ಅಧಿಕಾರಿಯೊಬ್ಬರನ್ನು ನಿಲ್ಲಿಸುವುದೂ ಸಾಧ್ಯವಿಲ್ಲ.

ಆದುದರಿಂದಲೇ ಕಾಯಿದೆಯ 40ನೆಯ ಪ್ರಕರಣ ಸಾಮಾನ್ಯ ಗ್ರಾಹಕನಿಗೂ ಅಧಿಕಾರವಿತ್ತಿದೆ. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ವ್ಯಾಪಾರಿಗೆ ತಿಳಿಸಿ, ಶುಲ್ಕ ತೆತ್ತು, ಪದಾರ್ಥವನ್ನು ವಿಶ್ಲೇಷಕರಿಗೆ ಒಪ್ಪಿಸಬಹುದು. ದೋಷ ಸಿದ್ಧವಾದರೆ ಶುಲ್ಕ ಹಿಂದಿರುಗುತ್ತದೆ. ಈ ಹಕ್ಕನ್ನು ಬಲ್ಲವರು ಕಡಿಮೆ, ಬಳಸುವವರು ಇನ್ನೂ ಕಡಿಮೆ.

ವಿದ್ಯಾರ್ಥಿನಿಲಯದ ಪಂಕ್ತಿಯಲ್ಲಿ ಕುಳಿತ ಮಗು ಬಡಿಸಿದ ಮಜ್ಜಿಗೆಯನ್ನು ಪ್ರಶ್ನಿಸದೆ ಕುಡಿಯುತ್ತದೆ. ಅದರ ಪರವಾಗಿ ಪ್ರಶ್ನಿಸಬೇಕಾದವರು ಹಿರಿಯರು. ದಾಸೋಹಕ್ಕೆ ಹಾಲು ತುಪ್ಪಗಳನ್ನು ನೀಡುವ ದಾನಿಗಳು ರಸೀದಿ ಪಡೆಯಲಿ. ಉಗ್ರಾಣದವರು ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕಗಳನ್ನು ಬರೆದಿಡಲಿ. ವಿಜ್ಞಾನದ ಉಪಾಧ್ಯಾಯರು ಲ್ಯಾಕ್ಟೋಮೀಟರಿನ ಬಳಕೆಯನ್ನು ಅದರ ಮಿತಿಯೊಡನೆ ಮಕ್ಕಳಿಗೆ ಕಲಿಸಲಿ. ಕಾನೂನಿನ ಕಾವಲು ಬಲಗೊಳ್ಳುವುದು ಇಂತಹ ಎಚ್ಚರದಿಂದಲೇ.