ಅನ್ನ ಹಾಕಿದರೆ ಸಾಕೇ? (ನಾಯಿ ಸಾಕುವವರು ತಿಳಿಯಬೇಕಾದ ವಿಷಯಗಳು)



ನಾಯಿ ಒಂದು ಸಾಕುಪ್ರಾಣಿ. ನಾಯಿ ನಿಯತ್ತಿನ ಪ್ರಾಣಿ. ಇದನ್ನು ನಾವೆಲ್ಲ ಎರಡನೇ ತರಗತಿಯಿಂದಲೇ ಬರೆದುಕೊಂಡು ಬಂದಿದ್ದೇವೆ. ಆದರೆ ಸಾಕುವುದು ಎಂದರೆ ಏನು?

ಬಾಗಿಲಿಗೆ ಬಂದ ನಾಯಿಗೆ ಮಿಕ್ಕ ಮುದ್ದೆ ಎಸೆಯುತ್ತೇವೆ. ಅದು ನಮ್ಮ ಜಗುಲಿ ಮುಂದೆ ಮಲಗುತ್ತೆ. ರಾತ್ರಿ ಯಾರಾದರೂ ಬಂದರೆ ಬೊಗಳುತ್ತೆ. ಆಗ ಅದು "ನಮ್ಮ ನಾಯಿ". ಅದೇ ನಾಯಿ ಯಾರಿಗಾದರೂ ಕಚ್ಚಿತು ಅಂದ್ರೆ, "ಅಯ್ಯೋ, ಅದು ನಮ್ದಲ್ಲ ಕಣಪ್ಪ, ಊರ ನಾಯಿ" ಅಂತೀವಿ. ಲಸಿಕೆ ಹಾಕುವವರು ಬಂದು "ಇದು ಯಾರ ನಾಯಿ?" ಎಂದು ಕೇಳಿದರೆ ಬೀದಿಯಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ. ಯಾರದ್ದೂ ಅಲ್ಲದ ನಾಯಿಗೆ ಲಸಿಕೆ ಇಲ್ಲ. ಲಸಿಕೆ ಇಲ್ಲದ ನಾಯಿಯಿಂದ ನಮ್ಮ ಜೀವಕ್ಕೇ ಅಪಾಯ. ಆದ್ದರಿಂದ ಅನ್ನದ ಜೊತೆಗೆ ಇನ್ನೂ ಏನೇನು ಮಾಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

1. ನಾಯಿ ಮತ್ತು ನಮ್ಮ ನಾಡು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ಸುಮಾರು ಕ್ರಿ.ಶ. 949-950ರ ಒಂದು ವೀರಗಲ್ಲು ಸಿಕ್ಕಿದೆ. ಗಂಗರ ಬೂತುಗನ ಹತ್ತಿರ ಮಣಲೆರ ಎಂಬ ವೀರನಿದ್ದ. ಅವನ ಶೌರ್ಯಕ್ಕೆ ಮೆಚ್ಚಿ "ಏನು ಬೇಕು ಕೇಳು" ಎಂದಾಗ ಅವನು ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಸಾವಿರ ವರ್ಷದ ಹಿಂದೆಯೇ ನಮ್ಮವರು ಒಂದು ನಾಯಿಯ ಹೆಸರನ್ನು ಕಲ್ಲಿನ ಮೇಲೆ ಬರೆಸಿದ್ದರು!

ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯೂ ಹೆಸರುವಾಸಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರತಂದಿತು. ಹೊರದೇಶದ ಜಾತಿ ನಾಯಿಯೇ ಬೇಕೆಂದು ಕೆಲವರು ದುಡ್ಡು ಸುರಿಯುತ್ತಾರೆ. ಹಿಮದ ನಾಡಿನ ದಟ್ಟ ಕೂದಲಿನ ನಾಯಿ ನಮ್ಮ ಬಿಸಿಲಿಗೆ ಒದ್ದಾಡುತ್ತೆ. ನಮ್ಮ ಊರ ನಾಯಿಗೆ ಇಲ್ಲಿನ ಬಿಸಿಲು, ಮಳೆ ಎರಡೂ ಒಗ್ಗಿದೆ.

2. ಆಹಾರ ಮತ್ತು ನೀರು

ನಾಯಿ ಮುದ್ದೆ, ಅನ್ನ ತಿನ್ನುತ್ತೆ ನಿಜ. ಆದರೆ ಬರೀ ಅದರಿಂದ ಅದರ ಮೈಗೆ ಸಾಲದು. ಬೆಳೆದ ನಾಯಿಯ ಬಾಯಲ್ಲಿ 42 ಹಲ್ಲುಗಳಿವೆ. ಅದರಲ್ಲಿ ಕೋರೆ ಹಲ್ಲು ನೋಡಿದರೇ ಗೊತ್ತಾಗುತ್ತೆ, ಅದು ಮಾಂಸ ಹರಿಯುವ ಹಲ್ಲು. ಅದಕ್ಕೆ ಪ್ರೋಟೀನ್ ಹೆಚ್ಚು ಬೇಕು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಬೆಂದ ಮಾಂಸ ಒಳ್ಳೆಯದು. ದಿನಾ ಆಗದಿದ್ದರೆ ವಾರಕ್ಕೆ ಕೆಲವು ಸಲವಾದರೂ ಮುದ್ದೆ, ಅನ್ನದ ಜೊತೆ ಕಲಸಿ ಹಾಕಬಹುದು. ಚೆನ್ನಾಗಿ ಬೆಂದ ಬೇಳೆಯೂ ಆಗುತ್ತೆ. ಬೆಳೆದ ನಾಯಿಗೆ ದಿನಕ್ಕೆ ಎರಡು ಹೊತ್ತು ಸಾಕು. ತಾಯಿ ಹಾಲು ಬಿಡುತ್ತಿರುವ ಮರಿಗೆ ಮೆತ್ತನೆಯ ಆಹಾರವನ್ನು ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಬೇಕು.

ಹಾಕಬಾರದ್ದು ಇವು:

• ಈರುಳ್ಳಿ, ಬೆಳ್ಳುಳ್ಳಿ. ಇವು ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ. ಆದ್ದರಿಂದ ನಾವು ಉಣ್ಣುವ ಖಾರದ ಸಾರನ್ನು ಹಾಗೇ ಸುರಿಯಬಾರದು. ಅದರ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಟ್ಟರೆ ಆಯ್ತು.
• ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ. ಇವು ನಮಗೆ ಸಿಹಿ, ನಾಯಿಗೆ ವಿಷ.
• ಬೆಂದ ಕೋಳಿ ಮೂಳೆ. ಬೆಂದ ಮೂಳೆ ಸೂಜಿಯಂತೆ ಸೀಳುತ್ತೆ. ಗಂಟಲಿಗೂ ಕರುಳಿಗೂ ಚುಚ್ಚಿಕೊಳ್ಳುತ್ತೆ. ಹಬ್ಬದ ಮಾರನೇ ದಿನ ಇದನ್ನು ಮುಖ್ಯವಾಗಿ ನೆನಪಿಡಿ.
• ಹಳಸಿದ ಅನ್ನ, ಬೂಸಲು ಹಿಡಿದ ತಿಂಡಿ.

ನೀರಿನ ವಿಷಯ ಎಲ್ಲರೂ ಮರೆಯುತ್ತಾರೆ. ನಮ್ಮ ಹಾಗೆ ನಾಯಿಗೆ ಮೈತುಂಬ ಬೆವರು ಬರುವುದಿಲ್ಲ. ಅದು ನಾಲಿಗೆ ಹೊರಗೆ ಹಾಕಿ ತೇಕುವುದರಿಂದಲೇ ಮೈ ತಂಪು ಮಾಡಿಕೊಳ್ಳುತ್ತೆ. ತೇಕುವಾಗ ನೀರಿನ ಅಂಶ ಹೋಗುತ್ತೆ. ಒಡೆದ ಮಡಕೆಯ ತಳವಾದರೂ ಸರಿ, ನೆರಳಿನಲ್ಲಿ ಇಟ್ಟು ದಿನಾ ನೀರು ಬದಲಾಯಿಸಿ.

3. ಮೈ ನೋಡಿಕೊಳ್ಳುವುದು

ನಾಯಿಯನ್ನು ಮುಟ್ಟಿ "ಮೈ ಬಿಸಿ ಇದೆ, ಜ್ವರ" ಎನ್ನಬೇಡಿ. ಅದರ ಸಹಜ ಉಷ್ಣತೆಯೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗಿಂತ ಹೆಚ್ಚು. ಊಟ ಬಿಟ್ಟು ಮೂಲೆ ಸೇರಿದರೆ, ವಾಂತಿ ಭೇದಿ ನಿಲ್ಲದಿದ್ದರೆ ಪಶು ಆಸ್ಪತ್ರೆಗೆ ಹೋಗಬೇಕು.

ಉಣ್ಣಿ ಹತ್ತಿದಾಗ ಕೆಲವರು ಹೊಲಕ್ಕೆ ಹೊಡೆಯುವ ಔಷಧಿಯನ್ನೇ ನಾಯಿ ಮೈಗೆ ಬಳಿಯುತ್ತಾರೆ. ಇದು ಬಹಳ ಅಪಾಯ. ನಾಯಿ ಮೈ ನೆಕ್ಕಿಕೊಳ್ಳುತ್ತೆ, ವಿಷ ಹೊಟ್ಟೆಗೆ ಹೋಗುತ್ತೆ. ಚರ್ಮದ ಮೂಲಕವೂ ಒಳಗೆ ಇಳಿಯುತ್ತೆ. ಪಶುವೈದ್ಯರು ಕೊಟ್ಟ ಔಷಧಿಯನ್ನೇ ಹಾಕಬೇಕು. ಜಂತುಹುಳುವಿನ ಔಷಧಿಯನ್ನೂ ಅವರನ್ನೇ ಕೇಳಿ ಕೊಡಿ. ನಾಯಿಯ ಹುಳುಗಳಲ್ಲಿ ಕೆಲವು ಮಣ್ಣಿನ ಮೂಲಕ ಮಕ್ಕಳಿಗೂ ಬರುತ್ತವೆ. ನಾಯಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಕಟ್ಟುವವರು ಗಿಡ್ಡ ಹಗ್ಗದಲ್ಲಿ ಕಟ್ಟಬೇಡಿ. ಎರಡು ಮೂರು ಮಾರಿನ ಹಗ್ಗ ಇರಲಿ, ನೆರಳು ಇರಲಿ. ಕತ್ತಿನ ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಮರಿಗೆ ಹಾಕಿದ ಪಟ್ಟಿಯನ್ನು ಅದು ಬೆಳೆದಂತೆ ಸಡಿಲ ಮಾಡದಿದ್ದರೆ ಕತ್ತು ಕೊಯ್ದುಕೊಂಡು ಹುಣ್ಣಾಗುತ್ತೆ. ಇಡೀ ದಿನ ಕಟ್ಟಿಹಾಕಿದ ನಾಯಿ ಸಿಡುಕುತ್ತೆ, ಬಿಟ್ಟ ಕೂಡಲೇ ಯಾರ ಮೇಲಾದರೂ ಎಗರುತ್ತೆ. ಬೆಳಿಗ್ಗೆ ಸಂಜೆ ಜೊತೆಯಲ್ಲಿ ಓಡಾಡಿಸಬೇಕು. ಚಿರತೆ ಓಡಾಡುವ ಕಡೆ ರಾತ್ರಿ ನಾಯಿಯನ್ನು ಹೊರಗೆ ಕಟ್ಟಬಾರದು. ನಾಯಿ ಎಂದರೆ ಚಿರತೆಗೆ ಸುಲಭದ ಬೇಟೆ. ಕೊಟ್ಟಿಗೆಯೊಳಗೆ ಕೂಡಿ ಬಾಗಿಲು ಹಾಕಿ.

4. ರೇಬೀಸ್: ಎಲ್ಲಕ್ಕಿಂತ ಮುಖ್ಯ ಪಾಠ

ಹುಚ್ಚುನಾಯಿ ರೋಗಕ್ಕೆ ರೇಬೀಸ್ ಎಂದು ಹೆಸರು. ಇದಕ್ಕೆ ಕಾರಣ ಒಂದು ವೈರಸ್. ಅದು ರೋಗ ಬಂದ ಪ್ರಾಣಿಯ ಜೊಲ್ಲಿನಲ್ಲಿ ಇರುತ್ತೆ. ಕಚ್ಚಿದಾಗ, ಪರಚಿದಾಗ, ಗಾಯದ ಮೇಲೆ ನೆಕ್ಕಿದಾಗ ನಮ್ಮ ಮೈ ಸೇರುತ್ತೆ. ಅಲ್ಲಿಂದ ನರಗಳ ದಾರಿ ಹಿಡಿದು ನಿಧಾನವಾಗಿ ಮೆದುಳಿಗೆ ಹೋಗುತ್ತೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಕೆಲವರಲ್ಲಿ ಒಂದು ವಾರ, ಕೆಲವರಲ್ಲಿ ಒಂದು ವರ್ಷ. ಮೆದುಳು ಮುಟ್ಟಿ ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕಿಸುವ ಔಷಧಿ ಇಲ್ಲ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಬರುತ್ತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಚ್ಚಿಸಿಕೊಳ್ಳುವವರಲ್ಲಿ ನಮ್ಮ ವಯಸ್ಸಿನ ಮಕ್ಕಳೇ ಬಹಳ. ನಾವು ಕುಳ್ಳಗಿರುವುದರಿಂದ ಮುಖ, ಕತ್ತಿಗೇ ಬಾಯಿ ಹಾಕುತ್ತೆ. ಅಲ್ಲಿಂದ ಮೆದುಳಿಗೆ ದಾರಿ ಹತ್ತಿರ.

ಆದರೆ ಹೆದರಬೇಡಿ. ಸರಿಯಾದ ಹೊತ್ತಿಗೆ ಲಸಿಕೆ ತೆಗೆದುಕೊಂಡರೆ ಈ ರೋಗವನ್ನು ತಡೆಯಬಹುದು. 1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಅವರು ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನಿಗೆ ಈ ಲಸಿಕೆ ಕೊಡಿಸಲು ಶುರು ಮಾಡಿದರು. ಹುಡುಗ ಬದುಕಿದ. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ಈಗ ವಿಶ್ವ ರೇಬೀಸ್ ದಿನ ಎಂದು ಆಚರಿಸುತ್ತಾರೆ. ಆ ಸಮಯದಲ್ಲಿ ಅನೇಕ ಕಡೆ ಪಶು ಆಸ್ಪತ್ರೆಯವರು ನಾಯಿಗಳಿಗೆ ಉಚಿತ ಲಸಿಕೆ ಶಿಬಿರ ಮಾಡುತ್ತಾರೆ.

ನಾಯಿಗೆ ಮೂರು ತಿಂಗಳು ತುಂಬಿದಾಗ ಮೊದಲ ರೇಬೀಸ್ ಲಸಿಕೆ. ಆಮೇಲೆ ವೈದ್ಯರು ಹೇಳಿದ ದಿನ ಇನ್ನೊಂದು. ಅಲ್ಲಿಂದ ವರ್ಷಕ್ಕೊಂದು ಸಲ. ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಡಿ.

ಹುಚ್ಚು ಹಿಡಿದ ನಾಯಿ ಯಾವಾಗಲೂ ಅಟ್ಟಿಸಿಕೊಂಡೇ ಬರುತ್ತೆ ಎಂದು ತಿಳಿಯಬೇಡಿ. ಕೆಲವು ನಾಯಿಗಳು ಮೂಲೆಯಲ್ಲಿ ಮಂಕಾಗಿ ಕೂರುತ್ತವೆ. ಕೆಳಗಿನ ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತೆ, ದನಿ ಬದಲಾಗುತ್ತೆ. "ಗಂಟಲಲ್ಲಿ ಮೂಳೆ ಸಿಕ್ಕಿರಬೇಕು" ಎಂದು ಬಾಯಿಗೆ ಕೈ ಹಾಕಲೇಬಾರದು. ದೂರ ನಿಂತು ದೊಡ್ಡವರಿಗೆ ಹೇಳಿ.

5. ನಾಯಿ ಕಚ್ಚಿದರೆ ಏನು ಮಾಡಬೇಕು?

(ಅ) ತಕ್ಷಣ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಸುರಿಯುತ್ತಾ ಇರಿ. ಯಾಕೆ ಸೋಪು? ಈ ವೈರಸ್ಸಿನ ಹೊರಗೆ ಕೊಬ್ಬಿನ ಹೊದಿಕೆ ಇದೆ. ಎಣ್ಣೆ ಪಾತ್ರೆಯ ಜಿಡ್ಡು ಸೋಪಿಗೆ ಬಿಡುವ ಹಾಗೆ ಆ ಹೊದಿಕೆ ಒಡೆದು ವೈರಸ್ ಸಾಯುತ್ತೆ.

(ಆ) ಅರಿಶಿನ, ಸುಣ್ಣ, ಕಾಫಿ ಪುಡಿ, ಮೆಣಸಿನಪುಡಿ, ಸೊಪ್ಪಿನ ರಸ ಏನನ್ನೂ ಹಚ್ಚಬೇಡಿ. ಬಟ್ಟೆ ಬಿಗಿದು ಕಟ್ಟಬೇಡಿ.

(ಇ) ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚುಚ್ಚುಮದ್ದು ಅಲ್ಲಿ ಉಚಿತ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಹಾಕುವ ಇನ್ನೊಂದು ಔಷಧಿಯೂ ಬೇಕಾಗುತ್ತೆ. ವೈದ್ಯರು ನೋಡಿ ಹಾಕುತ್ತಾರೆ.

(ಈ) ಚೀಟಿಯಲ್ಲಿ ಬರೆದ ಎಲ್ಲಾ ದಿನವೂ ಹೋಗಬೇಕು. ಎರಡು ಸೂಜಿ ಆದ ಮೇಲೆ "ಗಾಯ ಮಾಯ್ತಲ್ಲ" ಎಂದು ಬಿಟ್ಟರೆ ರಕ್ಷಣೆ ಅರ್ಧಕ್ಕೇ ನಿಲ್ಲುತ್ತೆ.

"ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ" ಎಂಬ ಹೆದರಿಕೆ ಇನ್ನೂ ನಮ್ಮ ಅಜ್ಜ ಅಜ್ಜಿಯರಲ್ಲಿದೆ. ಅದು ಕುರಿಯ ಮೆದುಳಿನಿಂದ ಮಾಡುತ್ತಿದ್ದ ಹಳೇ ಲಸಿಕೆ. ನಮ್ಮ ದೇಶದಲ್ಲಿ 2005ರ ಹೊತ್ತಿಗೇ ಅದು ನಿಂತುಹೋಯಿತು. ಈಗ ಹಾಕುವುದು ತೋಳಿಗೆ, ಅದೂ ನಾಲ್ಕೈದು ದಿನ ಮಾತ್ರ. ಬೈಗುಳ ತಿನ್ನಬೇಕಾಗುತ್ತೆ ಎಂದು ಕಚ್ಚಿದ್ದನ್ನು ಮನೆಯಲ್ಲಿ ಮುಚ್ಚಿಡುವ ಮಕ್ಕಳಿದ್ದಾರೆ. ಗೆಳೆಯರೇ, ಬೈಗುಳ ಒಂದು ಗಳಿಗೆ, ಜೀವ ಒಂದೇ. ಮನೆಯಲ್ಲಿ ಹೇಳಲು ಭಯವಾದರೆ ಟೀಚರ್‌ಗಾದರೂ ಹೇಳಿ.

ಸುಳ್ಳು: ಮರಿ ಕಚ್ಚಿದರೆ ಏನೂ ಆಗಲ್ಲ.
ನಿಜ: ಮರಿಗೂ ರೇಬೀಸ್ ಬರುತ್ತೆ.
ಸುಳ್ಳು: ಮಂತ್ರ, ನಾಟಿ ಔಷಧಿ ಸಾಕು.
ನಿಜ: ತೊಳೆಯುವುದು ಮತ್ತು ಲಸಿಕೆ ಬಿಟ್ಟು ಬೇರೆ ದಾರಿ ಇಲ್ಲ.
ಸುಳ್ಳು: ಬೊಗಳುವ ನಾಯಿ ಕಚ್ಚುವುದಿಲ್ಲ.
ನಿಜ: ಅದು ಗಾದೆ ಮಾತ್ರ. ನಾಯಿಗೆ ಗಾದೆ ಗೊತ್ತಿಲ್ಲ!

6. ಕಚ್ಚಿಸಿಕೊಳ್ಳದಿರಲು

ತಿನ್ನುತ್ತಿರುವ, ಮಲಗಿರುವ, ಮರಿ ಹಾಕಿರುವ ನಾಯಿಯ ಹತ್ತಿರ ಹೋಗಬಾರದು. ಕಲ್ಲು ಹೊಡೆಯುವುದು, ಬಾಲ ಎಳೆಯುವುದು, ದೀಪಾವಳಿಯಲ್ಲಿ ಪಟಾಕಿ ಕಟ್ಟುವುದು ಆಟವಲ್ಲ, ಹಿಂಸೆ. ಅಂಥ ನಾಯಿ ನಾಳೆ ಇನ್ಯಾವುದೋ ಮಗುವಿಗೆ ಕಚ್ಚುತ್ತೆ. ಗೊತ್ತಿಲ್ಲದ ನಾಯಿ ಎದುರು ಬಂದರೆ ಓಡಬೇಡಿ. ಓಡಿದರೆ ಅದು ಅಟ್ಟುತ್ತೆ. ಮರದ ಹಾಗೆ ನಿಲ್ಲಿ, ಕೈ ಮೈಗೆ ಅಂಟಿರಲಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ನಿಧಾನವಾಗಿ ಸರಿಯಿರಿ. ಕೆಳಗೆ ಬಿದ್ದುಬಿಟ್ಟರೆ ಮುದುಡಿ ಮಲಗಿ ಕಿವಿ, ಕತ್ತನ್ನು ಕೈಯಿಂದ ಮುಚ್ಚಿಕೊಳ್ಳಿ.

7. ಮರಿ ತರುವ ಮೊದಲು

ಹೆಣ್ಣು ನಾಯಿ ಸುಮಾರು 63 ದಿನಕ್ಕೆ ಮರಿ ಹಾಕುತ್ತೆ. ಮರಿ ಕಣ್ಣು ಬಿಡಲು 10ರಿಂದ 14 ದಿನ ಬೇಕು. ಎಂಟು ವಾರ ತುಂಬುವವರೆಗೆ ತಾಯಿಯ ಹತ್ತಿರವೇ ಇರಬೇಕು. ತಾಯಿ ಹಾಲಿನಿಂದ ರೋಗ ತಡೆಯುವ ಶಕ್ತಿ ಬರುತ್ತೆ. ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ ಎಷ್ಟು ಮೆಲ್ಲಗೆ ಕಚ್ಚಬೇಕು ಎಂಬುದನ್ನು ಅದು ಕಲಿಯುತ್ತೆ.

ಈಗ ಒಂದು ಲೆಕ್ಕ. ಒಂದು ನಾಯಿ ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು. ಸಲಕ್ಕೆ 5 ಮರಿ ಎಂದು ಇಟ್ಟುಕೊಂಡರೆ ವರ್ಷಕ್ಕೆ 10. ಅಷ್ಟಕ್ಕೂ ಮನೆ ಸಿಗುತ್ತದೆಯೇ? ಸಿಗುವುದಿಲ್ಲ. ಎಲ್ಲರೂ "ಗಂಡು ಮರಿ ಇದ್ರೆ ಕೊಡಿ" ಅಂತಾರೆ. ಹೆಣ್ಣು ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಕೆರೆ ಏರಿ ಮೇಲೋ, ರಸ್ತೆ ಬದಿಯಲ್ಲೋ ಬಿಟ್ಟುಬರುತ್ತಾರೆ. ಇದು ಪಾಪ ಮಾತ್ರವಲ್ಲ, 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಹೆಣ್ಣು ನಾಯಿಯೂ ಗಂಡಿನಷ್ಟೇ ಚೆನ್ನಾಗಿ ಕಾವಲು ಕಾಯುತ್ತೆ. ಮರಿ ಬೇಡವಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಇದೆ. 2023ರ ನಿಯಮದಲ್ಲಿ ಸಾಕಿದ ನಾಯಿಗೆ ಲಸಿಕೆ, ಜಂತುಹುಳು ಔಷಧಿ, ಸಂತಾನಹರಣ ಮಾಡಿಸುವುದು ಸಾಕಿದವರ ಹೊಣೆ ಎಂದಿದೆ.

ನಮ್ಮ ಶಾಲೆಯ ಬಿಸಿಯೂಟದ ಕೋಣೆ ಹಿಂದೆ ನಾಲ್ಕು ಮರಿಗಳಿರುವುದು ನಿಮಗೆಲ್ಲ ಗೊತ್ತು. ಒಂದು ಗಂಡು, ಮೂರು ಹೆಣ್ಣು. ಗಂಡು ಮರಿಯನ್ನು ಈಗಾಗಲೇ ಹನ್ನೊಂದು ಜನ ಕೇಳಿದ್ದಾರೆ. ಹೆಣ್ಣು ಮರಿಗಳನ್ನು ಒಬ್ಬರೂ ಕೇಳಿಲ್ಲ. ಆದ್ದರಿಂದ ನಮ್ಮ ವಿಜ್ಞಾನ ಸಂಘದಲ್ಲಿ ಹೀಗೆ ತೀರ್ಮಾನಿಸಿದ್ದೇವೆ: ಎಂಟು ವಾರ ತುಂಬುವ ಮುಂಚೆ ಯಾವ ಮರಿಯನ್ನೂ ಕೊಡುವುದಿಲ್ಲ. ಬೇಕಾದವರು ಮನೆಯ ಹಿರಿಯರನ್ನು ಕರೆದುಕೊಂಡು ಬಂದು ಗುರುಗಳ ಎದುರು ಈ ಮೂರು ಪ್ರಶ್ನೆಗೆ ಉತ್ತರ ಹೇಳಬೇಕು. ಲಸಿಕೆಗೆ ಕರೆದುಕೊಂಡು ಹೋಗುವವರು ಯಾರು? ನೀವು ಊರಿಗೆ ಹೋದಾಗ ಅನ್ನ, ನೀರು ಹಾಕುವವರು ಯಾರು? ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿಯನ್ನು ಮುದಿಯಾದ ಮೇಲೂ ಇಟ್ಟುಕೊಳ್ಳುತ್ತೀರಾ? ಹೆಣ್ಣು ಮರಿ ಒಯ್ಯುವವರಿಗೆ ಮೊದಲ ಆದ್ಯತೆ.

ಜೀವಿಗಳ ಮೇಲೆ ದಯೆ ತೋರುವುದು ನಮ್ಮ ಸಂವಿಧಾನದ 51ಎ ವಿಧಿಯಲ್ಲಿರುವ ಮೂಲಭೂತ ಕರ್ತವ್ಯಗಳಲ್ಲಿ ಒಂದು. ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡರೆ ಮುಗಿಯಲಿಲ್ಲ. ಮುಂದಿನ ಸಲ ಲಸಿಕೆ ಹಾಕುವವರು ಬಂದು "ಇದು ಯಾರ ನಾಯಿ?" ಎಂದು ಕೇಳಿದಾಗ, "ನಮ್ಮದು ಸಾರ್" ಎಂದು ಮುಂದೆ ಬನ್ನಿ.

ಯೋಚಿಸಿ, ಉತ್ತರಿಸಿ

1. ನಾಯಿ ಕಚ್ಚಿದ ಗಾಯಕ್ಕೆ ಸೋಪೇ ಯಾಕೆ ಬೇಕು?
2. ನಾಯಿ ನಾಲಿಗೆ ಹೊರಗೆ ಹಾಕುವುದು ಯಾಕೆ?
3. ಆತಕೂರಿನ ಕಲ್ಲಿನಲ್ಲಿರುವ ನಾಯಿಯ ಹೆಸರೇನು?
4. ನಿಮ್ಮ ಬೀದಿಯಲ್ಲಿ ಎಷ್ಟು ನಾಯಿಗಳಿವೆ? ಅವುಗಳಲ್ಲಿ ಎಷ್ಟಕ್ಕೆ ಲಸಿಕೆ ಆಗಿದೆ? (ಕೇಳಿ ತಿಳಿದು ಬರೆಯಿರಿ. ನಾಯಿ ಹತ್ತಿರ ಹೋಗಬೇಡಿ, ಮನೆಯವರನ್ನು ಕೇಳಿ.)

ಉತ್ತರಗಳನ್ನು ಶನಿವಾರದೊಳಗೆ ವಿಜ್ಞಾನ ಸಂಘದ ಪೆಟ್ಟಿಗೆಗೆ ಹಾಕಿರಿ. ನಾಲ್ಕನೇ ಪ್ರಶ್ನೆಯ ಪಟ್ಟಿಯನ್ನು ಪಶು ಆಸ್ಪತ್ರೆಗೆ ತಲುಪಿಸಲಾಗುವುದು.

ವಿಜ್ಞಾನ ಸಂಘದ ಪರವಾಗಿ,
ಒಂಬತ್ತನೇ ತರಗತಿ