ಅಂಗವಿಕಲರ ಸೇವಾ ಕೇಂದ್ರವನ್ನು ಬದಲಿಸುವ ರೀತಿ



ಸಂತೆಯಲ್ಲಿ ಎತ್ತು ಮಾರುವಾಗ ಕೊಳ್ಳುವವನಿಗೆ ನಾವು ಏನೇನು ಹೇಳುತ್ತೇವೆಂಬುದನ್ನು ನೆನಪಿಸಿಕೊಳ್ಳಿರಿ. ನೊಗದ ಎಡಕ್ಕೆ ಹೂಡಬೇಕೋ ಬಲಕ್ಕೆ ಹೂಡಬೇಕೋ, ನೀರು ಎಷ್ಟು ಹೊತ್ತಿಗೆ ಕುಡಿಯುತ್ತದೆ, ಯಾವುದಕ್ಕೆ ಬೆದರುತ್ತದೆ ಎಂಬುದನ್ನೆಲ್ಲ ಬಿಡಿಸಿ ಹೇಳುತ್ತೇವೆ. ಆದರೆ ಮನೆಯ ಅಂಗವಿಕಲ ಮಗುವನ್ನು ಒಂದು ಕೇಂದ್ರದಿಂದ ಬಿಡಿಸಿ ಇನ್ನೊಂದು ಕೇಂದ್ರಕ್ಕೆ ಸೇರಿಸುವಾಗ ಎಷ್ಟೋ ಮಂದಿ ಇಷ್ಟನ್ನೂ ಹೇಳುವುದಿಲ್ಲ. ಒಂದು ಚೀಟಿ ಹಿಡಿದು ಹೋಗಿ, ಹೆಸರು ಬರೆಯಿಸಿ, ಬಸ್ಸಿನ ಹೊತ್ತಾಯಿತೆಂದು ತಿರುಗಿ ಬರುತ್ತಾರೆ. ಇದರಿಂದ ಆಗುವ ಹಾನಿ ಸಣ್ಣದಲ್ಲ. ಆದುದರಿಂದ ಈ ಪಾಠದಲ್ಲಿ ಕೇಂದ್ರವನ್ನು ಯಾವಾಗ ಬದಲಿಸಬೇಕು, ಹೇಗೆ ಬದಲಿಸಬೇಕು ಎಂಬುದನ್ನು ಕ್ರಮವಾಗಿ ತಿಳಿಯೋಣ.

೧. ಸೇವೆ ಯಾರಿಂದ ದೊರೆಯುತ್ತದೆ?

ಹಿಂದೆ ನಮ್ಮ ತೊರಗಲ್ಲ ನಾಡಿನಲ್ಲಿ ಕಣ್ಣಿಲ್ಲದ ಹುಡುಗನಿದ್ದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕಡೆಗೆ ನೋಡುತ್ತಿದ್ದರು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಲ್ಲಿ ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತ ವಿದ್ಯೆಯನ್ನೂ ಕೊಟ್ಟುದು ನಾಡಿಗೆಲ್ಲ ತಿಳಿದ ಸಂಗತಿ. ಉಳಿದ ಬಗೆಯ ಅಂಗವಿಕಲರು ಬಹುಮಟ್ಟಿಗೆ ಮನೆಯ ಮೂಲೆಯಲ್ಲಿಯೇ ಉಳಿಯುತ್ತಿದ್ದರು.

ಈಗ ಸ್ಥಿತಿ ಬೇರೆಯಾಗಿದೆ. 1995ರ ಕಾನೂನು 7 ಬಗೆಯ ಅಂಗವಿಕಲತೆಗಳನ್ನು ಹೆಸರಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾನೂನು 21 ಬಗೆಗಳನ್ನು ಹೆಸರಿಸಿದೆ. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲೂಕಾ ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಗ್ರಾಮೀಣ ಕಾರ್ಯಕರ್ತರು ತಾವೇ ಅಂಗವಿಕಲರಾಗಿರುವುದರಿಂದ ಕಷ್ಟವನ್ನು ಬಲ್ಲವರು. ಶಾಲೆಯ ಮಕ್ಕಳಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರು ನೆರವಾಗುತ್ತಾರೆ. ಇವರಲ್ಲದೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆ, ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್), ಸರಕಾರೇತರ ಸಂಸ್ಥೆಗಳ ಶಾಲೆ ಮತ್ತು ವಸತಿಗೃಹಗಳು ಉಂಟು. ಆಯ್ಕೆಗೆ ಎಡೆ ಬಂದಿರುವಾಗ ಆಯ್ಕೆ ಮಾಡುವ ಬಗೆಯನ್ನೂ ಕಲಿಯಬೇಕು.

೨. ಯಾವಾಗ ಬದಲಿಸಬೇಕು, ಯಾವಾಗ ಬದಲಿಸಬಾರದು?

ಬದಲಿಸಲು ಸರಿಯಾದ ಕಾರಣಗಳು ಇವು: ದಾರಿ ದೂರವಾಗಿ ವಾರಕ್ಕೆರಡು ಸಲ ಹೋಗಬೇಕಾದಲ್ಲಿ ತಿಂಗಳಿಗೊಮ್ಮೆ ಹೋಗುವಂತಾಗಿರುವುದು, ಮಗು ಬೆಳೆದು ಅದರ ಅವಶ್ಯಕತೆ ಬದಲಾಗಿರುವುದು, ಬಹುಕಾಲ ಹೋದರೂ ಗೊತ್ತುಪಡಿಸಿದ ಗುರಿಯ ಕಡೆಗೆ ಏನೂ ಸಾಗದಿರುವುದು, ಕೇಂದ್ರವೇ ಮುಚ್ಚುವುದು. ಹೊಡೆತ, ಬೈಗಳು, ಹೊಲಸು, ಹಸಿವು ಕಂಡುಬಂದರೆ ಒಂದು ದಿನವೂ ತಡೆಯಬಾರದು.

ಬದಲಿಸಬಾರದ ಕಾರಣಗಳೂ ಉಂಟು. ಬಸ್ಸಿನಲ್ಲಿ ಯಾರೋ ಹೇಳಿದರೆಂದು, ಒಂದು ದಿನ ಮಾತಿಗೆ ಮಾತು ಬೆಳೆಯಿತೆಂದು ಬಿಡಿಸುವುದು ಸರಿಯಲ್ಲ. "ಇಷ್ಟು ಸಾವಿರ ಕಟ್ಟಿರಿ, ಆರು ತಿಂಗಳಲ್ಲಿ ಪೂರ್ತಿ ಗುಣಪಡಿಸುತ್ತೇವೆ" ಎನ್ನುವವರ ಕಡೆಗಂತೂ ಹೋಗಲೇಬಾರದು. ಹುಟ್ಟಿನಿಂದ ಮೆದುಳಿಗೆ ಪೆಟ್ಟಾದ ಮಗುವಿಗೆ ವ್ಯಾಯಾಮದಿಂದಲೂ ಶಿಕ್ಷಣದಿಂದಲೂ ಬಹಳ ಉಪಯೋಗವಾಗುತ್ತದೆ. ಆದರೆ ಆ ಪೆಟ್ಟನ್ನು ಅಳಿಸಿಹಾಕುವ ಔಷಧವಿಲ್ಲ. ದೂರದ ಬೆಟ್ಟ ನುಣ್ಣಗೆ ಕಾಣುವುದು ಇಲ್ಲಿಯೂ ನಿಜ. ಹಳೆಯ ಕೇಂದ್ರದ ಮೇಲಿನವರೊಡನೆ ಮೊದಲು ಕುಳಿತು ಮಾತಾಡಿರಿ. ಎಷ್ಟೋ ಸಲ ಹೊತ್ತು ಬದಲಿಸಿದರೆ ಅಥವಾ ಬೇರೆ ಶಿಕ್ಷಕರನ್ನು ಕೊಟ್ಟರೆ ತೊಂದರೆ ತೀರುತ್ತದೆ.

೩. ಮೊದಲು ಕೇಳಬೇಕಾದುದು ಯಾರನ್ನು?

ಯಾರ ಸಲುವಾಗಿ ಬದಲಾವಣೆಯೋ ಅವರನ್ನು. ಕಾಲಿಲ್ಲದವನಿಗೆ ಬುದ್ಧಿಯಿಲ್ಲವೆಂದು ಅರ್ಥವಲ್ಲ. ಕಿವಿ ಕೇಳದ ಹುಡುಗಿಗೆ ಸ್ವಂತ ಮನಸ್ಸಿಲ್ಲವೆಂದೂ ಅಲ್ಲ. ಸನ್ನೆಯಿಂದ ಕೇಳಿರಿ, ಚಿತ್ರ ತೋರಿಸಿ ಕೇಳಿರಿ. ಬುದ್ಧಿಯ ಬೆಳವಣಿಗೆ ಕಡಿಮೆಯಿದ್ದ ಮಗು ಬಾಯಿಬಿಟ್ಟು ಹೇಳಲಾರದಿದ್ದರೂ ನಡತೆಯಿಂದ ಹೇಳುತ್ತದೆ. ಕೇಂದ್ರದ ಹೆಸರೆತ್ತಿದರೆ ನಗುತ್ತದೆಯೋ ಅಳುತ್ತದೆಯೋ, ಅಲ್ಲಿಂದ ಬಂದ ದಿನ ಊಟ ನಿದ್ದೆ ಹೇಗಿರುತ್ತದೆ ಎಂಬುದನ್ನು ತಾಯಿ ಬಲ್ಲಳು. ಆಕೆಯ ಮಾತಿಗೆ ಬೆಲೆ ಕೊಡಿರಿ.

18 ವರ್ಷ ತುಂಬಿದವರ ವಿಷಯದಲ್ಲಿ ಇದು ಬರಿಯ ಸೌಜನ್ಯವಲ್ಲ, ಕಾನೂನಿನ ಮಾತು. ಆ ವಯಸ್ಸಿನ ಮೇಲೆ ತಂದೆತಾಯಿಗಳು ತಾವಾಗಿಯೇ ಕಾನೂನಿನ ಪಾಲಕರಾಗಿ ಮುಂದುವರಿಯುವುದಿಲ್ಲ. ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹುವಿಧ ಅಂಗವಿಕಲತೆ ಇದ್ದವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾನೂನಿನ ಮೇರೆಗೆ, ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯ ಮುಖಾಂತರ ಪಾಲಕರನ್ನು ನೇಮಿಸಿಕೊಳ್ಳಬಹುದು.

೪. ಹೊಸ ಕೇಂದ್ರವನ್ನು ಪರೀಕ್ಷಿಸುವುದು

ಬೀಜ ಕೊಳ್ಳುವಾಗ ಚೀಲದ ಮೇಲಿನ ಚೀಟಿಯನ್ನು ನೋಡುತ್ತೇವೆ. ಹಾಗೆಯೇ ಸಂಸ್ಥೆಯ ನೋಂದಣಿ ಪತ್ರವನ್ನು ನೋಡಬೇಕು. 2016ರ ಕಾನೂನಿನ ಮೇರೆಗೆ ಅಂಗವಿಕಲರ ಸಂಸ್ಥೆಯನ್ನು ನೋಂದಣಿಯಿಲ್ಲದೆ ನಡೆಸುವಂತಿಲ್ಲ. ವಿಶೇಷ ಶಿಕ್ಷಕರು, ಕಿವಿ ಮಾತುಗಳ ತಜ್ಞರು, ಕೃತಕ ಕಾಲು ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ದಾಖಲಿಸಿದವರಾಗಿರಬೇಕು. ಇವೆರಡನ್ನೂ ಕೇಳಲು ಸಂಕೋಚ ಬೇಡ.

ಕಾಗದ ನೋಡಿದರೆ ಸಾಲದು, ಕಣ್ಣಿನಿಂದಲೂ ನೋಡಿರಿ. ಊಟದ ಹೊತ್ತಿಗೆ ಹೋಗಿರಿ. ಸಂಡಾಸಿಗೆ ಗಾಲಿಕುರ್ಚಿ ಹೋಗುತ್ತದೆಯೇ? ಹೆಣ್ಣುಮಕ್ಕಳನ್ನು ನೋಡಿಕೊಳ್ಳಲು ಹೆಂಗಸರಿದ್ದಾರೆಯೇ? ರಾತ್ರಿ ಯಾರಿರುತ್ತಾರೆ? ಹಣ ತೆಗೆದುಕೊಂಡರೆ ಪಾವತಿ ಕೊಡುತ್ತಾರೆಯೇ? ತಂದೆತಾಯಿಗಳು ಮುನ್ಸೂಚನೆಯಿಲ್ಲದೆ ಬಂದು ನೋಡಬಹುದೇ? ಈ ಕೊನೆಯ ಪ್ರಶ್ನೆಗೆ "ಇಲ್ಲ" ಎಂದು ಉತ್ತರ ಬಂದರೆ ಮಗುವನ್ನು ಅಲ್ಲಿ ಬಿಡಬೇಡಿರಿ.

೫. ಕಾಗದಪತ್ರಗಳು

ಕೇಂದ್ರ ಬದಲಿಸಿದರೆ ಎಲ್ಲ ಕಾಗದಗಳನ್ನೂ ಹೊಸದಾಗಿ ಮಾಡಿಸಬೇಕೆಂಬ ಹೆದರಿಕೆ ಹಲವರಿಗಿದೆ. ಅದು ತಪ್ಪು. ಅಂಗವಿಕಲತೆಯ ಪ್ರಮಾಣಪತ್ರ ದೇಶದಲ್ಲೆಲ್ಲ ನಡೆಯುತ್ತದೆ. 2021ರ ಜೂನ್ 1ರಿಂದ ಈ ಪ್ರಮಾಣಪತ್ರಗಳನ್ನು ಯು.ಡಿ.ಐ.ಡಿ. ಜಾಲತಾಣದ ಮೂಲಕವೇ ಕೊಡಬೇಕೆಂದು ನಿಯಮವಾಗಿದೆ. ಬರಿಯ ಹಳೆಯ ಕಾಗದವನ್ನಿಟ್ಟುಕೊಂಡವರು ಕೇಂದ್ರ ಬದಲಿಸುವ ಮೊದಲೇ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕುವುದು ಒಳ್ಳೆಯದು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ.

ಮಾಸಾಶನದ ಮಾತು ಬೇರೆ. ಅದು ಕಂದಾಯ ಇಲಾಖೆಯಿಂದ, ನಾಡಕಚೇರಿಯಲ್ಲಿ ಹಾಕಿದ ಅರ್ಜಿಯ ಮೇಲೆ ಬರುವಂಥದು. ಕೇಂದ್ರವನ್ನು ಬಿಟ್ಟರೆ ಮಾಸಾಶನ ನಿಲ್ಲುತ್ತದೆಂದು ಯಾರಾದರೂ ಹೆದರಿಸಿದರೆ ನಂಬಬೇಡಿರಿ. ಪಾಸ್‌ಪುಸ್ತಕ, ಎ.ಟಿ.ಎಂ. ಕಾರ್ಡುಗಳನ್ನು ಯಾವ ಸಂಸ್ಥೆಯ ಕೈಯಲ್ಲಿಯೂ ಬಿಡಬೇಡಿರಿ. ಹಳೆಯ ಕೇಂದ್ರದಿಂದ ವೈದ್ಯರ ವರದಿ, ಪರೀಕ್ಷೆಗಳ ಕಾಗದ, ಕಲಿಕೆಯ ದಾಖಲೆಗಳ ಪ್ರತಿಗಳನ್ನು ಬರೆದು ಕೇಳಿ ಪಡೆಯಿರಿ. ಮೂಲ ಪ್ರತಿಗಳು ಮನೆಯ ಪೆಟ್ಟಿಗೆಯಲ್ಲಿರಲಿ.

೬. ನಡುವೆ ಕಂದಕ ಬೀಳಬಾರದು

ಹೆಚ್ಚಿನ ಹಾನಿ ಆಗುವುದು ಹಳೆಯದನ್ನು ಬಿಟ್ಟು ಹೊಸದು ಹತ್ತದ ನಡುವಣ ದಿನಗಳಲ್ಲಿ. ಸವದತ್ತಿ ಸೀಮೆಯ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಹನ್ನೆರಡು ವರ್ಷದ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಜೊತೆಗೆ ಮೂರ್ಛೆ. ಬೆಳಗಾವಿ ದೂರವೆಂದು ಧಾರವಾಡಕ್ಕೆ ಬದಲಿಸಲು ತಂದೆ ನಿರ್ಧರಿಸಿದ. ನಿರ್ಧಾರ ಸರಿಯಾದುದೇ, ಔಷಧೋಪಚಾರಕ್ಕೆ ಜಿಲ್ಲೆಯ ಗಡಿ ಅಡ್ಡಬರುವುದಿಲ್ಲ. ಆದರೆ ಅಷ್ಟರಲ್ಲಿ ಕಡಲೆಯ ರಾಶಿ ಬಂತು. "ಹೇಗೂ ಹೊಸ ಡಾಕ್ಟರು ಹೊಸ ಗುಳಿಗೆ ಕೊಡುತ್ತಾರೆ" ಎಂದು ಹಳೆಯ ಗುಳಿಗೆ ತೀರಿದ ಮೇಲೆ ತರಲಿಲ್ಲ. ಇಲ್ಲಿಯೇ ಅಪಾಯವಿದೆ. ಮೂರ್ಛೆಯ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮೂರ್ಛೆ ಮರುಕಳಿಸಿ, ಒಂದರ ಮೇಲೊಂದು ಬಂದು, ಪ್ರಾಣಕ್ಕೇ ಎರವಾಗಬಹುದು. ವ್ಯಾಯಾಮ ನಿಂತರೆ ಸೆಡೆತ ಹೆಚ್ಚಿ, ಸರಿಯಾಗಿ ಬಾಗುತ್ತಿದ್ದ ಮೊಣಕಾಲು ಬಿಗಿಯುತ್ತದೆ. ಕೂತಲ್ಲಿಯೇ ಕೂತವರಿಗೆ ಹುಣ್ಣಾಗುತ್ತದೆ. ಎರಡು ವರ್ಷದ ದುಡಿಮೆ ಎರಡು ತಿಂಗಳಲ್ಲಿ ಹಾಳಾಗುತ್ತದೆ.

ಆದುದರಿಂದ ಈ ಕ್ರಮವನ್ನು ಅನುಸರಿಸಿರಿ. ಹೊಸ ಕೇಂದ್ರದವರು ಇಂಥ ದಿನದಿಂದ ಸೇವೆ ಆರಂಭವೆಂದು ಗೊತ್ತುಪಡಿಸುವ ತನಕ ಹಳೆಯದನ್ನು ಬಿಡಬೇಡಿರಿ. ಒಂದು ತಿಂಗಳ ಗುಳಿಗೆ ಕೈಯಲ್ಲಿರಲಿ. ಸಾಧ್ಯವಾದರೆ ಬಿತ್ತನೆ, ರಾಶಿಯ ದಿನಗಳನ್ನು ಬಿಟ್ಟು, ಮನೆಯವರೊಬ್ಬರು ಮೊದಲ ವಾರ ಜೊತೆಗಿರಲು ಆಗುವಂಥ ಹೊತ್ತನ್ನು ಆರಿಸಿಕೊಳ್ಳಿರಿ. ಸಸಿ ಕಿತ್ತು ನೆಡುವಾಗ ಬೇರಿಗೆ ಹತ್ತಿದ ಮಣ್ಣನ್ನು ಕೊಡವುವುದಿಲ್ಲ. ಹಾಗೆಯೇ ಮಗುವಿನ ಹಳೆಯ ತಟ್ಟೆ, ಹೊದಿಕೆ, ಆಟದ ಸಾಮಾನುಗಳು ಜೊತೆಗೆ ಹೋಗಲಿ.

೭. ಒಂದು ಹಾಳೆಯ ಬರವಣಿಗೆ

ಮಗುವಿನೊಂದಿಗೆ ಒಂದು ಹಾಳೆಯನ್ನು ಬರೆದು ಕೊಡಿರಿ. ನಿಮಗೆ ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಬರೆಯಿಸಿರಿ. ಅದರಲ್ಲಿ ಈ ಸಂಗತಿಗಳಿರಲಿ:

(ಅ) ಗುಳಿಗೆಯ ಹೆಸರು, ಪ್ರಮಾಣ, ಹೊತ್ತು. ಯಾವ ಔಷಧ ಒಗ್ಗುವುದಿಲ್ಲ.
(ಆ) ಮೂರ್ಛೆ ಬಂದರೆ ಹೇಗೆ ಬರುತ್ತದೆ, ಎಷ್ಟು ನಿಮಿಷ ಇರುತ್ತದೆ.
(ಇ) ಊಟ ಹೇಗೆ ಉಣಿಸಬೇಕು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಬೇಕೋ, ಕುಳ್ಳಿರಿಸಿಯೇ ಉಣಿಸಬೇಕೋ.
(ಈ) ನೀರು, ಹಸಿವು, ಸಂಡಾಸು, ನೋವು ಇವುಗಳಿಗೆ ಮಗು ಮಾಡುವ ಸನ್ನೆಗಳು.
(ಉ) ಯಾವುದಕ್ಕೆ ಹೆದರುತ್ತದೆ, ಯಾವುದರಿಂದ ಸಮಾಧಾನವಾಗುತ್ತದೆ.
(ಊ) ಈ ವರೆಗೆ ಏನು ಕಲಿತಿದೆ, ಮುಂದೆ ಏನು ಕಲಿಯಬೇಕೆಂದು ಮನೆಯವರ ಆಸೆ.

ನಾಲ್ಕನೆಯ ಅಂಶವನ್ನು ಹಗುರವಾಗಿ ಎಣಿಸಬಾರದು. ಮಾತು ಬಾರದ ಮಗುವಿನ ಸನ್ನೆಯನ್ನು ಹೊಸಬರು ಅರಿಯದಿದ್ದರೆ ಅದು ನೀರಡಿಸಿ ಅತ್ತರೂ ಹಟವೆಂದು ತಿಳಿಯುತ್ತಾರೆ.

೮. ಸೇರಿಸಿದ ಮೇಲೆ

ಒಂದು ತಿಂಗಳಾದ ಬಳಿಕ ಹೋಗಿ ನೋಡಿರಿ. ತೂಕ ಇಳಿದಿದೆಯೇ? ಮೈಮೇಲೆ ಗಾಯ, ಬಾವು ಉಂಟೇ? ಕ್ಯಾಲಿಪರ್ ಅಥವಾ ಗಾಲಿಕುರ್ಚಿ ಮೈಗೆ ಸರಿಹೊಂದುತ್ತಿದೆಯೇ? ಬೆಳೆಯುವ ಮಗುವಿಗೆ ಹಳೆಯ ಅಳತೆ ಬೇಗ ಸಾಲದಾಗುತ್ತದೆ. ತಪ್ಪು ಕಂಡರೆ ಮೊದಲು ಸಂಸ್ಥೆಯವರಿಗೆ, ಅವರು ಕಿವಿಗೊಡದಿದ್ದರೆ ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿಗಳಿಗೆ, ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ಬರೆದು ತಿಳಿಸಿರಿ. ಅಂಗವಿಕಲರನ್ನು ನಾಲ್ಕು ಜನರೆದುರು ಬೇಕೆಂದೇ ಅವಮಾನಗೊಳಿಸಿದವರಿಗೆ 6 ತಿಂಗಳಿಗೆ ಕಡಿಮೆಯಿಲ್ಲದೆ 5 ವರ್ಷಗಳವರೆಗೆ ಸೆರೆವಾಸದ ಶಿಕ್ಷೆ 2016ರ ಕಾನೂನಿನಲ್ಲಿದೆ. ಒಂದು ಸಂಸ್ಥೆಯ ನೋಂದಣಿಯೇ ರದ್ದಾದರೆ ಅಲ್ಲಿದ್ದವರನ್ನು ಮನೆಯವರಿಗೆ ಒಪ್ಪಿಸಲು ಅಥವಾ ಬೇರೆ ಸಂಸ್ಥೆಗೆ ಕಳಿಸಲು ಅಧಿಕಾರಿಗಳು ಆಜ್ಞೆ ಮಾಡಬಹುದು. ಆದುದರಿಂದ ಕೇಂದ್ರ ಮುಚ್ಚಿತೆಂದು ಮಗುವನ್ನು ಮತ್ತೆ ಮನೆಯ ಮೂಲೆಗೆ ತಂದು ಕೂಡ್ರಿಸಬೇಕಾದುದಿಲ್ಲ.

ವಾಚಕರಿಗೆ ಪ್ರಶ್ನೆಗಳು

ಕಟ್ಟೆಯ ಮೇಲೆ ಅಥವಾ ಸ್ವಸಹಾಯ ಸಂಘದ ಸಭೆಯಲ್ಲಿ ಈ ಪಾಠವನ್ನು ಓದಿಸಿದ ಮೇಲೆ ಕೆಳಗಿನವುಗಳನ್ನು ಚರ್ಚಿಸಿರಿ:

1. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರು? ಅವರು ನಿಮ್ಮ ಓಣಿಗೆ ಕಡೆಯ ಸಲ ಬಂದುದು ಯಾವಾಗ?
2. ನಿಮ್ಮೂರಿನಲ್ಲಿ ಯು.ಡಿ.ಐ.ಡಿ. ಕಾರ್ಡು ಇಲ್ಲದ ಅಂಗವಿಕಲರು ಎಷ್ಟು ಮಂದಿ?
3. ನಡುವೆಯೇ ಕೇಂದ್ರ ಬಿಟ್ಟು ಮನೆಯಲ್ಲಿ ಉಳಿದವರು ಯಾರಾದರೂ ಇದ್ದಾರೆಯೇ? ಅವರನ್ನು ಮರಳಿ ಸೇರಿಸಲು ಈ ವಾರ ಯಾರು ಅವರ ಮನೆಗೆ ಹೋಗುತ್ತೀರಿ?