ಜೋಡಿ ಬಂತೆಂದು ಒಡೆಯಬೇಡಿ

ಪಣಜಿಯ ಕ್ಯಾಸಿನೊ ಹಡಗಿಗೋ ಲಾಸ್ ವೇಗಸ್‌ಗೋ ಹೊರಟವರು ಗಮನಿಸಿ. ಅಂದರ್‌-ಬಾಹರ್‌ನಲ್ಲಿ ಪಣ ಇಟ್ಟರೆ ನಿಮ್ಮ ಕೆಲಸ ಮುಗಿಯಿತು. ಬ್ಲ್ಯಾಕ್‌ಜಾಕ್‌ನಲ್ಲಿ ಎಲೆ ಬಿದ್ದ ಮೇಲೆ ಶುರು. ಒಂದೇ ಬೆಲೆಯ ಎರಡು ಎಲೆ ಬಂದರೆ, ಮೊದಲಿನಷ್ಟೇ ಹಣ ಮತ್ತೆ ಇಟ್ಟು, ಜೋಡಿ ಒಡೆದು ಎರಡು ಕೈ ಆಡಬಹುದು. ಆಡಬಹುದು ಅಷ್ಟೆ, ಆಡಲೇಬೇಕೆಂದಿಲ್ಲ.

ಮಾಡಬೇಕಾದ್ದು

ನಿಮ್ಮ ಜೋಡಿಗಿಂತ ಮೊದಲು ಡೀಲರ್‌ ಮುಂದೆ ತೆರೆದಿರುವ ಎಲೆ ನೋಡಿ.

ಎಕ್ಕದ ಜೋಡಿ ಒಡೆಯಿರಿ. ಒಟ್ಟಿಗಿದ್ದರೆ ಬಡಕಲು 12, ಬೇರೆಯಾದರೆ ಎರಡೂ 11ರಿಂದ ಶುರು. ಸಾಮಾನ್ಯವಾಗಿ ಒಂದೊಂದಕ್ಕೂ ಒಂದೇ ಎಲೆ ಕೊಡುತ್ತಾರೆ. ಅದು ರಾಜನೇ ಆದರೂ ಬರೀ 21, ಮೊದಲೆರಡು ಎಲೆಗೇ 21 ಆಗುವ ಬ್ಲ್ಯಾಕ್‌ಜಾಕ್ ಅಲ್ಲ, ಜಗಳಕ್ಕೆ ನಿಲ್ಲಬೇಡಿ.

ಎಂಟರ ಜೋಡಿಯನ್ನೂ ಒಡೆಯಿರಿ, ಎದುರಿಗೆ 10 ಇದ್ದರೂ ಸರಿ. ಹೊಸಬರ ಕೈ ಹಿಂಜರಿಯುವುದು ಇಲ್ಲೇ: ಸೋಲುವ ಆಟಕ್ಕೆ ಇಮ್ಮಡಿ ಹಣವೇ? ಹೌದು. 10ರ ಎದುರು 16 ಹಿಡಿದು ಸುಮ್ಮನಿದ್ದರೂ, ಇನ್ನೊಂದು ಎಲೆ ಕೇಳಿದರೂ 100 ರೂಪಾಯಿಗೆ ಸರಾಸರಿ 54 ಹೋಗುತ್ತದೆ. ಒಡೆದರೆ, ಎರಡೂ ಕೈ ಸೇರಿ, 48ರ ಆಸುಪಾಸು. ಇದು ಗೆಲ್ಲುವ ನಡೆಯಲ್ಲ, ಕಡಿಮೆ ಸೋಲುವ ನಡೆ. ಊಹೆಯೂ ಅಲ್ಲ: 1956ರಲ್ಲೇ ಅಮೆರಿಕದ ಅಬರ್ಡೀನ್ ಸೇನಾ ನೆಲೆಯ ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮ್ಯಾಕ್‌ಡರ್ಮಟ್ ಎಂಬ ನಾಲ್ವರು ಮೇಜಿನ ಲೆಕ್ಕಯಂತ್ರದಲ್ಲಿ ಕುಟ್ಟಿ ಕುಟ್ಟಿ ಇಂಥ ಲೆಕ್ಕಗಳ ಪಟ್ಟಿಯನ್ನೇ ಪ್ರಕಟಿಸಿದರು.

ಒಂಬತ್ತರ ಜೋಡಿಯನ್ನು 2ರಿಂದ 6, ಮತ್ತೆ 8, 9ರ ಎದುರು ಒಡೆಯಿರಿ. 7ರ ಎದುರು ಬೇಡ. ಡೀಲರ್ 17ಕ್ಕೆ ಬಂದು ನಿಲ್ಲುವ ಸಂಭವವೇ ಹೆಚ್ಚು, ನಿಮ್ಮ 18 ಸಾಕು. 10, ಎಕ್ಕದ ಎದುರೂ ಸುಮ್ಮನಿರಿ.

2, 3, 7ರ ಜೋಡಿಗಳನ್ನು 2ರಿಂದ 7ರ ಎದುರು, 6ರ ಜೋಡಿಯನ್ನು 2ರಿಂದ 6ರ ಎದುರು ಒಡೆಯಿರಿ. ಒಡೆದ ಮೇಲೆ ಡಬಲ್ (ಪಣ ಇಮ್ಮಡಿಸಿ ಒಂದೇ ಎಲೆ ಪಡೆಯುವುದು) ಮಾಡಲು ಬಿಡದ ಮೇಜಾದರೆ 2, 3ಕ್ಕೆ ಈ ಗಡಿ 4ರಿಂದ, 6ಕ್ಕೆ 3ರಿಂದ ಶುರು. ಕೂರುವ ಮೊದಲೇ ಕೇಳಿ. ಉತ್ತರ ಹೇಳಲು ಯಾರೂ ಮುನಿಸಿಕೊಳ್ಳುವುದಿಲ್ಲ.

ಮಾಡಬಾರದ್ದು

ಹತ್ತರ ಜೋಡಿ ಮುಟ್ಟಬೇಡಿ. ರಾಜ, ರಾಣಿ, ಗುಲಾಮ ಎಲ್ಲವೂ ಹತ್ತೇ. ಡೀಲರ್‌ ಮುಂದೆ 6 ಕಂಡು ಬಾಯಲ್ಲಿ ನೀರೂರಬಹುದು. ಆದರೆ ಹಾಗೇ ಬಿಟ್ಟ 20 ಆಗಲೇ 100ಕ್ಕೆ ಸರಾಸರಿ 70 ಗಳಿಸುತ್ತಿದೆ. ಒಡೆದರೆ ಅಷ್ಟು ಬರದು.

ಐದರ ಜೋಡಿ ಒಡೆಯಬೇಡಿ. ಅದು 10, ಡೀಲರ್‌ದು 2ರಿಂದ 9 ಆದರೆ ಡಬಲ್ ಮಾಡಿ. ನಾಲ್ಕರದೂ ಬೇಡ, ಒಡೆದು ಡಬಲ್ ಮಾಡಲು ಬಿಡುವ ಮೇಜಿನಲ್ಲಿ 5, 6ರ ಎದುರು ಹೊರತು.

ಡೀಲರ್ ತನ್ನ ಎರಡನೇ ಎಲೆಯನ್ನು ಕೊನೆಗೆ ತೆಗೆಯುವ ಯುರೋಪಿನ ಪದ್ಧತಿಯಲ್ಲಿ, 10 ಅಥವಾ ಎಕ್ಕದ ಎದುರು ಎಂಟನ್ನೂ ಎಕ್ಕದ ಎದುರು ಎಕ್ಕವನ್ನೂ ಒಡೆಯಬೇಡಿ. ಆಮೇಲೆ ಅವರಿಗೆ ಬ್ಲ್ಯಾಕ್‌ಜಾಕ್ ಬಂದರೆ ಎರಡೂ ಪಣ ಮುಳುಗುತ್ತವೆ.

ಕೈಯಲ್ಲಿರುವ ಹಣವನ್ನೆಲ್ಲ ಒಂದೇ ಪಣಕ್ಕೆ ಇಡಬೇಡಿ. ಒಡೆದ ಎಂಟಕ್ಕೆ ಮತ್ತೆ ಎಂಟು ಬಂದು, ಎಷ್ಟೋ ಕಡೆ ನಾಲ್ಕು ಕೈವರೆಗೂ ಹೋಗುತ್ತದೆ. ಒಡೆಯಬೇಕಾದಾಗ ಕಾಸಿಲ್ಲದವರು ಆ ಮೇಜಿಗೆ ಕೂರಬಾರದು.

ಪಕ್ಕದವರ ಗೊಣಗಾಟಕ್ಕೆ ಕಿವಿಗೊಡಬೇಡಿ.

ಬ್ಲ್ಯಾಕ್‌ಜಾಕ್‌ಗೆ 5ಕ್ಕೆ 6 ಎಂದು ಬರೆದ ಮೇಜಿಗೆ ಹೋಗಲೇಬೇಡಿ. 100ಕ್ಕೆ 150 ಸಿಗಬೇಕಾದಲ್ಲಿ 120 ಕೊಡುತ್ತಾರೆ. ಜೋಡಿ ಒಡೆಯುವ ಜಾಣತನವೆಲ್ಲ ಸೇರಿದರೂ ಆ 30 ಹಿಂದಿರುಗಿ ಬರದು.